ಗೋಡೆಯ ತಡವನ್ನು ಲೆಕ್ಕಕ್ಕೆ ತಂದವರು

1961ರ ಜುಲೈ 25ರಂದು ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಟೀವಿಯಲ್ಲಿ ಜನರನ್ನುದ್ದೇಶಿಸಿ ಮಾತನಾಡಿದರು. ಬರ್ಲಿನ್ ನಗರದ ವಿಷಯದಲ್ಲಿ ಸೋವಿಯತ್ ಒಕ್ಕೂಟದೊಂದಿಗಿನ ಜಟಾಪಟಿ ತಾರಕಕ್ಕೇರಿದ್ದ ದಿನಗಳವು. ಅಣುಬಾಂಬು ಬಿದ್ದರೆ ಅದರ ವಿಕಿರಣದ ಧೂಳಿನಿಂದ ಜನರನ್ನು ಉಳಿಸಬೇಕು. ಈಗಿರುವ ಕಟ್ಟಡಗಳಲ್ಲೇ ಆಶ್ರಯಕ್ಕೆ ತಕ್ಕ ಜಾಗಗಳನ್ನು ಗುರುತಿಸಿ, ಆಹಾರ, ನೀರು, ಔಷಧಿ ಕೂಡಿಡಬೇಕು. ಇದಕ್ಕೆ ಹಣ ಮಂಜೂರು ಮಾಡಿ ಎಂದು ಸಂಸತ್ತನ್ನು ಕೇಳಿಕೊಂಡರು. ಇಂಥ ಜಾಗಗಳೆಂದರೆ ಬಹುಮಟ್ಟಿಗೆ ನೆಲಮಾಳಿಗೆಗಳು. ಬಾಗಿಲು ಮುಚ್ಚಿಕೊಂಡು ನೂರಾರು ಜನ ಎರಡು ವಾರ ಅಲ್ಲೇ ಕೂತರೆ ಒಳಗಿನ ಸೆಕೆ ಎಲ್ಲಿಗೆ ಮುಟ್ಟೀತು? ಈ ಪ್ರಶ್ನೆ ಎಂಜಿನಿಯರುಗಳ ಮೇಜಿಗೆ ಬಂತು.

ಸುಮ್ಮನೆ ಕುಳಿತ ಮನುಷ್ಯನ ಮೈಯಿಂದಲೂ ಸುಮಾರು 100 ವ್ಯಾಟ್ ಶಾಖ ಹೊರಬೀಳುತ್ತಲೇ ಇರುತ್ತದೆ. ನೂರು ಜನ ಸೇರಿದರೆ 10 ಕಿಲೋವ್ಯಾಟ್. ಸ್ನಾನದಮನೆಯ ಐದು ಗೀಸರುಗಳನ್ನು ಹಗಲಿರುಳು ಆರಿಸದೆ ಬಿಟ್ಟ ಹಾಗೆ. ಜೊತೆಗೆ ಬೆವರು, ಉಸಿರಿನ ತೇವ. ಮೊದಮೊದಲು ಸುತ್ತಲಿನ ತಣ್ಣನೆಯ ಮಣ್ಣು ಈ ಶಾಖವನ್ನು ಹೀರಿಕೊಳ್ಳುತ್ತದೆ. ದಿನ ಕಳೆದಂತೆ ಗೋಡೆಯ ಹಿಂದಿನ ಮಣ್ಣೂ ಬೆಚ್ಚಗಾಗಿ, ಹೀರುವ ಶಕ್ತಿ ಕುಂದುತ್ತದೆ. ಹಾಗಾಗಿ ಹತ್ತನೆಯ ದಿನದ ಸೆಕೆ ಎಷ್ಟೆಂದು ತಿಳಿಯಬೇಕಾದರೆ ಅದರ ಹಿಂದಿನ ಒಂಬತ್ತು ದಿನಗಳ ಪ್ರತಿ ಗಂಟೆಯ ಕಥೆಯೂ ಗೊತ್ತಿರಬೇಕು. ಪೆನ್ಸಿಲು, ಸ್ಲೈಡ್ ರೂಲು ಹಿಡಿದು ಮಾಡಿ ಮುಗಿಸುವ ಲೆಕ್ಕ ಇದಾಗಿರಲಿಲ್ಲ.

ಇದಕ್ಕೆ ಕೈಹಾಕಿದವರು ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಎಂಬ ಸರ್ಕಾರಿ ಪ್ರಯೋಗಾಲಯದ ತಮಾಮಿ ಕುಸುಡಾ ಮತ್ತು ಪಾಲ್ ಅಕೆನ್‌ಬಾಕ್. ಜನ ತುಂಬಿದ ನೆಲಮಾಳಿಗೆಯ ಉಷ್ಣತೆಯನ್ನು ಡಿಜಿಟಲ್ ಕಂಪ್ಯೂಟರಿನಿಂದ ಲೆಕ್ಕ ಹಾಕುವ ಬಗೆಯನ್ನು ಅವರು 1963ರಲ್ಲಿ ಪ್ರಕಟಿಸಿದರು. ಅದರ ಬೆನ್ನಿಗೇ, 1965ರಲ್ಲಿ, ವರ್ಷದ ಯಾವ ದಿನ ಎಷ್ಟು ಆಳದಲ್ಲಿ ಮಣ್ಣು ಎಷ್ಟು ಬೆಚ್ಚಗಿರುತ್ತದೆ ಎಂಬ ಅಧ್ಯಯನವನ್ನೂ ಹೊರತಂದರು. ಯುದ್ಧದ ಭಯದಿಂದ ಹುಟ್ಟಿದ ಕೆಲಸವೇನೋ ನಿಜ. ಆದರೆ ಕಟ್ಟಡದೊಳಗಿನ ಶಾಖವನ್ನು ಗಂಟೆ ಗಂಟೆಗೂ ಬೆನ್ನುಹತ್ತಿ ಹೋಗುವುದು ಸಾಧ್ಯ ಎಂಬುದನ್ನು ಅದು ಮಾಡಿ ತೋರಿಸಿತು. ಇಂದು ಎ.ಸಿ. ಕನ್ಸಲ್ಟೆಂಟ್ ಒಬ್ಬರು ಲ್ಯಾಪ್‌ಟಾಪಿನಲ್ಲಿ ನಾಲ್ಕಾರು ನಿಮಿಷಕ್ಕೆ ತೆಗೆಯುವ ಹೀಟ್ ಲೋಡ್ ರಿಪೋರ್ಟಿನ, ಅಂದರೆ ಕಟ್ಟಡದಿಂದ ಎಷ್ಟು ಶಾಖ ತೆಗೆಯಬೇಕೆಂಬ ಲೆಕ್ಕದ, ಒಂದು ಬೇರು ಆ ನೆಲಮಾಳಿಗೆಗಳಲ್ಲಿದೆ.

ಅದಕ್ಕೆ ಮುಂಚಿನ ಪದ್ಧತಿ ಹೇಗಿತ್ತೆಂದು ನೋಡಿದರೆ ಈ ಹೆಜ್ಜೆಯ ದೊಡ್ಡತನ ತಿಳಿಯುತ್ತದೆ. ಹವಾನಿಯಂತ್ರಣದ ಅಳತೆಯೇ ಐಸಿನಿಂದ ತಂಪು ಮಾಡುತ್ತಿದ್ದ ಕಾಲದ್ದು. ಒಂದು ಅಮೆರಿಕನ್ ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ, 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅದು ಒಂದು ಟನ್: ಗಂಟೆಗೆ 12,000 ಬಿಟಿಯು, ನಮ್ಮ ಲೆಕ್ಕದಲ್ಲಿ ಸುಮಾರು ಮೂರೂವರೆ ಕಿಲೋವ್ಯಾಟ್. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದ ತೇವದ ಕಾಟ ನೀಗಿಸಲು ಯಂತ್ರ ರೂಪಿಸಿದಂದಿನಿಂದ ಎಂಜಿನಿಯರುಗಳು ಕೇಳಿಕೊಂಡು ಬಂದದ್ದು ಒಂದೇ ಪ್ರಶ್ನೆ: ವರ್ಷದ ಅತಿ ಸೆಕೆಯ ಗಂಟೆಗೆ ಎಷ್ಟು ಟನ್ ಬೇಕು? ಹೊರಗಿನ ಉಷ್ಣತೆಯಿಂದ ಒಳಗಿನದನ್ನು ಕಳೆದು, ಗೋಡೆಯ ವಿಸ್ತೀರ್ಣದಿಂದಲೂ ಅದು ಶಾಖ ಬಿಡುವ ಪ್ರಮಾಣದಿಂದಲೂ ಗುಣಿಸಿ, ಕಿಟಕಿಯ ಬಿಸಿಲು, ಜನ, ದೀಪ ಎಲ್ಲ ಕೂಡಿಸಿದರೆ ಉತ್ತರ ಸಿಕ್ಕಿತು. ಚಳಿಗಾಲದ ಹೀಟಿಂಗ್ ಲೆಕ್ಕವಂತೂ ಇನ್ನೂ ಸುಲಭ. ರಾತ್ರಿಯ ಕೊರೆವ ಚಳಿ ಒಂದನ್ನೇ ಹಿಡಿದುಕೊಂಡರೆ ಸಾಕು; ಬಿಸಿಲೂ ಇಲ್ಲ, ಜನರೂ ಇಲ್ಲ.

ಬೇಸಿಗೆಯಲ್ಲಿ ಈ ಸರಳ ಲೆಕ್ಕ ಕೈಕೊಡುತ್ತದೆ. ಪಶ್ಚಿಮಕ್ಕೆ ಮುಖಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯನ್ನೇ ನೋಡಿ. ಮಧ್ಯಾಹ್ನ ನಾಲ್ಕಕ್ಕೆ ಅದರ ಹೊರಮೈ ಮುಟ್ಟಲಾಗದಷ್ಟು ಕಾದಿರುತ್ತದೆ. ಆ ಶಾಖ ಇಟ್ಟಿಗೆಯ ಒಳಗೆ ನಿಧಾನವಾಗಿ ನಡೆದು, ದಾರಿಯುದ್ದಕ್ಕೂ ಇಟ್ಟಿಗೆಯನ್ನೇ ಬೆಚ್ಚಗೆ ಮಾಡುತ್ತ, ತನ್ನ ಏರಿಳಿತವನ್ನೆಲ್ಲ ತಗ್ಗಿಸಿಕೊಂಡು ಒಳಮೈಗೆ ಬರುವ ಹೊತ್ತಿಗೆ ಸುಮಾರು ಆರು ಗಂಟೆ ಕಳೆದಿರುತ್ತದೆ. ಆರಕ್ಕೆ ಬಾಗಿಲು ಹಾಕುವ ಕಚೇರಿಗೆ ಆ ಶಾಖದ ಹೆಚ್ಚು ಪಾಲು ತಲುಪುವುದೇ ಬಾಗಿಲು ಹಾಕಿದ ಮೇಲೆ. ಮಲಗುವ ಮನೆಗಾದರೆ ಅದು ಬರುವುದು ಸರಿಯಾಗಿ ನಿದ್ದೆಯ ಹೊತ್ತಿಗೆ. ಈ ತಡವನ್ನು ಬಿಟ್ಟು ಲೆಕ್ಕ ಹಾಕಿದರೆ ಕಚೇರಿಗೆ ಬೇಡದಷ್ಟು ದೊಡ್ಡ ಯಂತ್ರ ಬರುತ್ತದೆ. ದೊಡ್ಡ ಯಂತ್ರವಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಅದು ಕೋಣೆಯನ್ನು ಬೇಗ ತಣ್ಣಗೆ ಮಾಡಿ ಬೇಗ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಗಾಳಿಯ ತೇವ ತೆಗೆಯುವಷ್ಟು ಹೊತ್ತು ಓಡುವುದೇ ಇಲ್ಲ. ಮಂಗಳೂರಿನಂಥ ಊರಿನಲ್ಲಿ ಒಳಗೆ ತಣ್ಣಗಿದ್ದೂ ಮೈಯೆಲ್ಲ ಅಂಟಂಟಾಗುವುದಕ್ಕೆ ಎಷ್ಟೋ ಕಡೆ ಇದೇ ಕಾರಣ.

ತಡದ ಅರಿವು ಹೊಸದೇನಲ್ಲ. ಫ್ರಾನ್ಸಿನ ನೆಸ್ಸಿ ಮತ್ತು ನಿಸೋಲ್ 1925ರಲ್ಲೇ ಅದಕ್ಕೆ ಗಣಿತ ಬರೆದಿದ್ದರು. ಕಾರ್ನೆಲ್ ವಿಶ್ವವಿದ್ಯಾಲಯದ ಮ್ಯಾಕಿ ಮತ್ತು ರೈಟ್ 1944ರಲ್ಲಿ, ಪ್ರತಿದಿನವೂ ಒಂದೇ ತೆರನಾಗಿ ಕಾದು ಆರುವ ಗೋಡೆಯ ಲೆಕ್ಕವನ್ನು ಬಿಡಿಸಿದರು. ಬಿಸಿಲು ಮತ್ತು ಹೊರಗಾಳಿಯ ಬಿಸಿ ಎರಡನ್ನೂ ಒಂದೇ ಸಂಖ್ಯೆಗೆ ಇಳಿಸುವ ಉಪಾಯ ಬಳಕೆಗೆ ಬಂದದ್ದೂ ಈ ಕೆಲಸದಿಂದಲೇ. 1948ರಲ್ಲಿ ಜೇಮ್ಸ್ ಸ್ಟೀವರ್ಟ್ ಅದರಿಂದ ಕೋಷ್ಟಕಗಳನ್ನು ಕಟ್ಟಿಕೊಟ್ಟರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಕ್ಟರ್ ಪಾಶ್ಕಿಸ್ ಹಿಡಿದ ದಾರಿ ಬೇರೆಯದು. ಶಾಖಕ್ಕೆ ಗೋಡೆ ಒಡ್ಡುವ ತಡೆಯ ಜಾಗದಲ್ಲಿ ರೆಸಿಸ್ಟರು, ಅದು ಶಾಖ ಕೂಡಿಟ್ಟುಕೊಳ್ಳುವ ಗುಣದ ಜಾಗದಲ್ಲಿ ಕೆಪ್ಯಾಸಿಟರು ಇಟ್ಟು, ಗೋಡೆಯನ್ನೇ ವಿದ್ಯುತ್ ಮಂಡಲವಾಗಿ ಕಟ್ಟಿ ಮೀಟರಿನಲ್ಲಿ ಅಳೆದರು. ನೋಡಲು ಚೆಂದ, ತರ್ಕಕ್ಕೂ ಸರಿ. ಆದರೆ ಗೋಡೆ ಬದಲಾದರೆ ತಂತಿಗಳನ್ನೂ ಬದಲಿಸಬೇಕು.

ಕಂಪ್ಯೂಟರಿಗೆ ಹೇಳಿ ಮಾಡಿಸಿದಂಥ ದಾರಿ ತೋರಿಸಿದ್ದು ಕೆನಡಾದ ಒಟ್ಟಾವ. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಕಟ್ಟಡ ಸಂಶೋಧನಾ ವಿಭಾಗದಲ್ಲಿದ್ದ ಜಿ. ಪಿ. ಮಿಟಾಲಾಸ್ ಮತ್ತು ಡಿ. ಜಿ. ಸ್ಟೀಫನ್‌ಸನ್ 1967ರಲ್ಲಿ ಎರಡು ಪ್ರಬಂಧ ಮಂಡಿಸಿದರು. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಘಟ್ಟ ಇದು. ಸ್ವಲ್ಪ ಹತ್ತಿರದಿಂದಲೇ ನೋಡೋಣ.

ಗೋಡೆಯ ಹೊರಮೈಯ ಉಷ್ಣತೆ ಸೊನ್ನೆಯಿಂದ ಶುರುವಾಗಿ ಒಂದು ಗಂಟೆಯಲ್ಲಿ ಒಂದು ಡಿಗ್ರಿ ಏರಿ, ಮುಂದಿನ ಗಂಟೆಯಲ್ಲಿ ಮತ್ತೆ ಸೊನ್ನೆಗೆ ಇಳಿಯಿತು ಎಂದುಕೊಳ್ಳಿ. ಕಾಗದದ ಮೇಲೆ ಬರೆದರೆ ಪುಟ್ಟ ತ್ರಿಕೋನ. ಇದಕ್ಕೆ ಗೋಡೆಯ ಒಳಮೈ ಏನು ಉತ್ತರ ಕೊಡುತ್ತದೆ? ಮೊದಲ ಗಂಟೆಯಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಆಮೇಲೆ ಚೂರುಚೂರಾಗಿ ಶಾಖ ಬರತೊಡಗುತ್ತದೆ, ಕೆಲವು ಗಂಟೆಗಳ ನಂತರ ತುದಿಗೇರುತ್ತದೆ, ಮತ್ತೆ ಕ್ರಮೇಣ ಸೊರಗುತ್ತದೆ. ಗಂಟೆಗೊಂದರಂತೆ ಬರೆದಿಟ್ಟರೆ ಸಂಖ್ಯೆಗಳದ್ದೊಂದು ಸಾಲು. ಆ ಗೋಡೆಯ ಸ್ವಭಾವವೆಲ್ಲ ಆ ಸಾಲಿನಲ್ಲಿದೆ. ತಗಡಿನ ಗೋಡೆಯಾದರೆ ಸಾಲು ಒಂದೆರಡು ಗಂಟೆಗೇ ಮುಗಿಯುತ್ತದೆ. ದಪ್ಪ ಕಲ್ಲಿನ ಗೋಡೆಯಾದರೆ ದಿನಗಟ್ಟಲೆ ಎಳೆಯುತ್ತದೆ. ಇನ್ನು ಹೊರಗಿನ ನಿಜವಾದ ಉಷ್ಣತೆ ಎಷ್ಟೇ ಅಂಕುಡೊಂಕಾಗಿರಲಿ, ಅದನ್ನು ಇಂಥ ತ್ರಿಕೋನಗಳನ್ನು ಒಂದರ ಪಕ್ಕ ಒಂದಿಟ್ಟು ಕೂಡಿಸಬಹುದು. ಹಾಗಾದರೆ ಈ ಗಂಟೆಗೆ ಒಳಬರುವ ಶಾಖವೆಂದರೆ ಈ ಗಂಟೆಯ ಉಷ್ಣತೆ ಗುಣಿಸು ಮೊದಲ ಸಂಖ್ಯೆ, ಹಿಂದಿನ ಗಂಟೆಯದು ಗುಣಿಸು ಎರಡನೆಯ ಸಂಖ್ಯೆ, ಅದಕ್ಕೂ ಹಿಂದಿನದು ಗುಣಿಸು ಮೂರನೆಯದು, ಎಲ್ಲದರ ಮೊತ್ತ. ಕ್ಲಿಷ್ಟ ಸಮೀಕರಣವನ್ನು ಒಂದೇ ಒಂದು ಸಲ ಬಿಡಿಸಿದರಾಯಿತು. ಉಳಿದದ್ದೆಲ್ಲ ಗುಣಾಕಾರ, ಸಂಕಲನ. ಕಂಪ್ಯೂಟರಿಗೆ ಬೇಸರವಿಲ್ಲದೆ ಮಾಡಲು ಬರುವ ಕೆಲಸವೂ ಅದೇ.

ಒಂದು ತೊಡಕು ಉಳಿದಿತ್ತು. ದಪ್ಪ ಗೋಡೆಯ ಸಾಲು ಉದ್ದ, ಅಂದಿನ ಕಂಪ್ಯೂಟರುಗಳ ಮೆಮೊರಿ ಚಿಕ್ಕದು. 1971ರಲ್ಲಿ ಅದೇ ಇಬ್ಬರು ಇದಕ್ಕೂ ಪರಿಹಾರ ಕಂಡರು. ಹಿಂದಿನ ಗಂಟೆಗಳ ಉಷ್ಣತೆಯ ಜೊತೆಗೆ ಹಿಂದಿನ ಗಂಟೆಗಳಲ್ಲಿ ಹರಿದ ಶಾಖವನ್ನೂ ಬಳಸಿಕೊಂಡರೆ, ಹಳೆಯದೆಲ್ಲ ಅದರಲ್ಲೇ ಅಡಗಿರುವುದರಿಂದ ಬೆರಳೆಣಿಕೆಯ ಸಂಖ್ಯೆಗಳು ಸಾಕಾಗುತ್ತವೆ. ಇಂದಿನ ತಂತ್ರಾಂಶಗಳೂ ಗೋಡೆಯ ಲೆಕ್ಕಕ್ಕೆ ಬಹುಪಾಲು ಇದೇ ಉಪಾಯವನ್ನು ನೆಚ್ಚಿಕೊಂಡಿವೆ.

ಅಷ್ಟರಲ್ಲಿ ಬಳಸುವವರೂ ಮುಂದೆ ಬಂದಿದ್ದರು. ಒಹಾಯೋ ರಾಜ್ಯದ ಡೇಟನ್ನಿನಲ್ಲಿ ಸಣ್ಣ ಸಣ್ಣ ಕನ್ಸಲ್ಟಿಂಗ್ ಕಚೇರಿಗಳು ಸೇರಿ ಎಪೆಕ್ ಎಂಬ ಸಹಕಾರಿ ಕೂಟ ಕಟ್ಟಿಕೊಂಡವು. ಒಬ್ಬೊಬ್ಬರೇ ಕಂಪ್ಯೂಟರ್ ಕೊಳ್ಳುವ, ಪ್ರೋಗ್ರಾಮ್ ಬರೆಸುವ ಶಕ್ತಿ ಯಾರಿಗೂ ಇರಲಿಲ್ಲ. ಖರ್ಚು ಹಂಚಿಕೊಂಡು 1960ರ ದಶಕದ ಉತ್ತರಾರ್ಧದಲ್ಲಿ ಹೀಟಿಂಗ್-ಕೂಲಿಂಗ್ ಲೋಡ್ ಲೆಕ್ಕದ ಪ್ರೋಗ್ರಾಮನ್ನು ಹೊರತಂದರು. ಪ್ರತಿ ಗೋಡೆ, ಪ್ರತಿ ಕಿಟಕಿಯ ಅಳತೆಯನ್ನೂ 80 ಕಾಲಮ್ಮಿನ ಪಂಚ್ ಕಾರ್ಡಿಗೆ ಇಳಿಸಬೇಕಿದ್ದ ಕಾಲ. ಒಂದು ತೂತು ಪಕ್ಕದ ಕಾಲಮ್ಮಿಗೆ ಸರಿದರೆ ಹತ್ತು ಅಡಿಯ ಗೋಡೆ ನೂರು ಅಡಿಯಾಗುತ್ತಿತ್ತು.

ಅಮೆರಿಕದ ಅಂಚೆ ಇಲಾಖೆಯೂ ತನ್ನ ಕಟ್ಟಡಗಳು ವರ್ಷಕ್ಕೆ ಎಷ್ಟು ಇಂಧನ ತಿನ್ನುತ್ತವೆ ಎಂದು ತಿಳಿಯಲು ಹೊರಟಿತು. ಮೆಟಿನ್ ಲೋಕ್‌ಮನ್‌ಹೆಕಿಮ್ ಮತ್ತವರ ತಂಡ ಅದಕ್ಕಾಗಿ ಬರೆದ ಪ್ರೋಗ್ರಾಮು ಕಟ್ಟಡದ ಒಂದು ಭಾಗದ ನೆರಳು ಇನ್ನೊಂದರ ಮೇಲೆ ಬೀಳುವುದನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ಅತಿ ಸೆಕೆಯ ಒಂದು ಗಂಟೆಯ ಜಾಗದಲ್ಲಿ ವರ್ಷದ 8,760 ಗಂಟೆಗಳೂ ಬಂದು ಕೂತವು. ಗ್ಯಾಸ್ ಉದ್ಯಮದವರು ಇ-ಕ್ಯೂಬ್ ಎಂಬ, ವಿದ್ಯುತ್ ಉದ್ಯಮದವರು ಆಕ್ಸೆಸ್ ಎಂಬ ತಮ್ಮದೇ ಪ್ರೋಗ್ರಾಮುಗಳನ್ನು ಹೊಂದಿದ್ದರು. ಇಂಧನ ಮಾರುವವರ ಕೈಯಲ್ಲೇ ಇಂಧನದ ಲೆಕ್ಕವೂ ಇತ್ತು. ಯಾರ ಪರವೂ ಅಲ್ಲದ, ಒಳಗನ್ನು ತೆರೆದು ನೋಡಬಹುದಾದ ಲೆಕ್ಕ ಬೇಕೆಂಬ ಮಾತಿಗೆ ತೂಕ ಬಂದದ್ದು ಈ ಹಿನ್ನೆಲೆಯಲ್ಲಿ.

1970ರ ನವೆಂಬರ್ 30ರಿಂದ ಮೂರು ದಿನ ಗೇತರ್ಸ್‌ಬರ್ಗಿನಲ್ಲಿ, ಕುಸುಡಾ ಅವರ ಪ್ರಯೋಗಾಲಯದ ಆವರಣದಲ್ಲಿ, ಕಟ್ಟಡಗಳ ಹವೆಗೆ ಕಂಪ್ಯೂಟರ್ ಬಳಸುವ ಬಗ್ಗೆ ಮೊದಲ ವಿಚಾರಸಂಕಿರಣ ನಡೆಯಿತು. ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಅದೇ ಪ್ರಯೋಗಾಲಯದವರು ಒಂದು ದೊಡ್ಡ ಹವಾಕೋಣೆಯ ಒಳಗೇ ಗಾರೆಗೋಡೆಯ ಪೂರಾ ಮನೆಯೊಂದನ್ನು ಕಟ್ಟಿದರು. ಕೋಣೆಯ ಉಷ್ಣತೆಯನ್ನು ಹಗಲು ರಾತ್ರಿಗಳಂತೆ ಏರಿಸಿ ಇಳಿಸಿ, ಮನೆಯೊಳಗೆ ಏನಾಗುತ್ತದೆಂದು ಅಳೆದರು. 1973ರ ವರದಿಯ ಪ್ರಕಾರ ಗಂಟೆವಾರು ಲೆಕ್ಕ ಅಳತೆಗೆ ಚೆನ್ನಾಗಿ ಹೊಂದಿತು. ಗೋಡೆಯ ತಡವನ್ನು ಬಿಟ್ಟ ಹಳೆಯ ಲೆಕ್ಕ ಅಗತ್ಯಕ್ಕಿಂತ ಹೆಚ್ಚು ತೋರಿಸಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದವು. ಬ್ಯಾರಲ್ಲಿಗೆ ಮೂರು ಡಾಲರಿನ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರಕ್ಕೆ ಏರಿತು. ಕ್ಯಾಲಿಫೋರ್ನಿಯಾದ ಬರ್ಕಲಿಯ ಪ್ರಯೋಗಾಲಯದಲ್ಲಿ ಕಣಭೌತಶಾಸ್ತ್ರಜ್ಞರಾಗಿದ್ದ ಆರ್ಥರ್ ರೋಸೆನ್‌ಫೆಲ್ಡ್, ಎನ್ರಿಕೊ ಫರ್ಮಿಯ ಶಿಷ್ಯ, ನವೆಂಬರಿನ ಒಂದು ಶುಕ್ರವಾರ ಸಂಜೆ ಮನೆಗೆ ಹೊರಡುವ ಮುನ್ನ ಲೆಕ್ಕ ಹಾಕಿದರು: ತನ್ನ ಕೋಣೆಯ ದೀಪ ವಾರಾಂತ್ಯವಿಡೀ ಉರಿದರೆ ಸುಮಾರು ಐದು ಗ್ಯಾಲನ್ ಪೆಟ್ರೋಲಿಗೆ ಸಮ. ಮಹಡಿಯ ಉಳಿದ ಕೋಣೆಗಳ ದೀಪಗಳನ್ನೂ ಆರಿಸಲು ಹೋದರೆ ಸ್ವಿಚ್ಚುಗಳೇ ಕಾಣವು. ಎಷ್ಟೋ ಸ್ವಿಚ್ಚುಗಳು ಕಪಾಟು, ಪೋಸ್ಟರುಗಳ ಹಿಂದೆ ಮುಚ್ಚಿಹೋಗಿದ್ದವು. ಇಪ್ಪತ್ತು ನಿಮಿಷ ಹುಡುಕಿ ಆರಿಸಿದ್ದರಿಂದ ನೂರು ಗ್ಯಾಲನ್ ಉಳಿಯಿತು ಎಂದು ಮುಂದೆ ಅವರೇ ಬರೆದುಕೊಂಡಿದ್ದಾರೆ. ಕಣಭೌತಶಾಸ್ತ್ರ ಬಿಟ್ಟು ಕಟ್ಟಡಗಳ ಇಂಧನದ ಹಿಂದೆ ಬಿದ್ದ ಅವರ ಸುತ್ತ ಒಂದು ತಂಡವೇ ಬೆಳೆಯಿತು. ಮನೆಗಳ ಉಷ್ಣತೆ ಲೆಕ್ಕ ಹಾಕುವ ಅಲ್ಲಿನ ಟೂಜೋನ್ ಎಂಬ ಪ್ರೋಗ್ರಾಮಿನಲ್ಲಿ, ಕಾನ್ಪುರದ ಐಐಟಿಯಿಂದ ಬಂದು ಬರ್ಕಲಿಯಲ್ಲಿ ಓದುತ್ತಿದ್ದ ಅಶೋಕ್ ಗಾಡ್ಗೀಳರ ಕೈಯಿತ್ತು.

ಇಲ್ಲಿಂದ ಮುಂದೆ ಘಟನೆಗಳು ಸರಸರನೆ ಸಾಗಿದವು. ಕಟ್ಟಡಗಳ ಇಂಧನ ಮಿತಿಗೊಳಿಸುವ ಮಾನದಂಡ ಅಮೆರಿಕದಲ್ಲಿ 1975ರಲ್ಲಿ ಬಂತು. ಕುಸುಡಾ ಅವರ ಎನ್‌ಬಿಎಸ್‌ಎಲ್‌ಡಿ ಎಂಬ ಪ್ರೋಗ್ರಾಮು 1976ರಲ್ಲಿ ಪುಸ್ತಕವಾಗಿ ಎಲ್ಲರ ಕೈಗೆ ಸಿಕ್ಕಿತು. ಅದರ ಮೇಲೆ ಕಟ್ಟಿದ ಬ್ಲಾಸ್ಟ್ ಎಂಬ ತಂತ್ರಾಂಶವನ್ನು ಇಲಿನಾಯ್‌ನ ಶಾಂಪೇನ್‌ನಲ್ಲಿದ್ದ ಅಮೆರಿಕದ ಸೇನೆಯ ನಿರ್ಮಾಣ ಪ್ರಯೋಗಾಲಯ 1977ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿತು. ಇನ್ನೊಂದೆಡೆ ಅಂಚೆ ಇಲಾಖೆಯ ಪ್ರೋಗ್ರಾಮು ನಾಸಾದ ಕೈಗೆ ಹೋಗಿ ನೆಕ್ಯಾಪ್ ಆಯಿತು. ಅಲ್ಲಿಂದ ಕ್ಯಾಲಿಫೋರ್ನಿಯಾ ಇಂಧನ ಆಯೋಗ ಮತ್ತು ಕೇಂದ್ರ ಇಂಧನ ಸಂಸ್ಥೆ ಇರ್ಡಾ ಕೂಡಿ ಸಾಕಿದ ಕ್ಯಾಲ್-ಇರ್ಡಾ ಆಯಿತು. 1977ರಲ್ಲಿ ಇರ್ಡಾ ಹೋಗಿ ಇಂಧನ ಇಲಾಖೆ ಬಂದ ಮೇಲೆ ಡಿಓಇ-1, ಆಮೇಲೆ ಡಿಓಇ-2.

ಈ ಎರಡು ವಂಶಗಳ ನಡುವಿನ ವ್ಯತ್ಯಾಸ ಹೆಸರಿನದಷ್ಟೇ ಆಗಿರಲಿಲ್ಲ. ಡಿಓಇ-2 ಮೊದಲು ಕೋಣೆಯ ಉಷ್ಣತೆ ಬದಲಾಗದು ಎಂದಿಟ್ಟುಕೊಂಡು ಲೋಡ್ ತೆಗೆಯುತ್ತಿತ್ತು. ಆಮೇಲೆ ಅದನ್ನು ತಿದ್ದಿ ಎ.ಸಿ. ವ್ಯವಸ್ಥೆಗೆ, ಅಲ್ಲಿಂದ ಯಂತ್ರಗಳಿಗೆ, ಕೊನೆಗೆ ಖರ್ಚಿಗೆ ದಾಟಿಸುತ್ತಿತ್ತು. ವೇಗ ಹೆಚ್ಚು, ದೊಡ್ಡ ಕಟ್ಟಡಕ್ಕೆ ಅನುಕೂಲ. ಬ್ಲಾಸ್ಟ್ ಪ್ರತಿ ಗೋಡೆ, ನೆಲ, ಚಾವಣಿಯ ಒಳಮೈಗೂ ಪ್ರತಿ ಗಂಟೆಯೂ ಶಾಖದ ಜಮಾಖರ್ಚು ಬರೆಯುತ್ತಿತ್ತು. ನಿಧಾನ, ಆದರೆ ಭೌತಶಾಸ್ತ್ರಕ್ಕೆ ಹೆಚ್ಚು ನಿಷ್ಠ. ಗ್ಲಾಸ್ಗೋದ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಜೋ ಕ್ಲಾರ್ಕ್ ಇದೇ ಹೊತ್ತಿಗೆ ಇಎಸ್‌ಪಿ ಎಂಬ ಬೇರೊಂದು ಧಾರೆಯನ್ನು ತೆರೆದರು.

ಹೊರಗಿನ ಹವೆಯ ಅಂಕಿಗಳಿಲ್ಲದೆ ಈ ಯಾವ ತಂತ್ರಾಂಶವೂ ಒಂದು ಹೆಜ್ಜೆ ಇಡಲಾರದು. 1976ರಲ್ಲಿ ಅಮೆರಿಕದ 60 ಊರುಗಳಿಗೆ ಒಂದೊಂದು ಮಾದರಿ ವರ್ಷವನ್ನು ಆರಿಸಲಾಯಿತು. ಆರಿಸಿದ ಕ್ರಮ ಸರಳ. ದಶಕಗಳ ದಾಖಲೆ ಹರಡಿಕೊಂಡು, ಅತಿ ಸೆಕೆಯ ಅಥವಾ ಅತಿ ಚಳಿಯ ತಿಂಗಳುಳ್ಳ ವರ್ಷಗಳನ್ನು ಒಂದೊಂದಾಗಿ ತೆಗೆದುಹಾಕುವುದು; ಕೊನೆಗೆ ಉಳಿದದ್ದೇ ಆ ಊರಿನ ಸಾಧಾರಣ ವರ್ಷ. ಎರಡು ವರ್ಷದ ನಂತರ ಇನ್ನೂ ಹದವಾದ ಕ್ರಮದಲ್ಲಿ 234 ಊರುಗಳ ಅಂಕಿಗಳು ಬಂದವು.

ಕಂಪ್ಯೂಟರಿಲ್ಲದ ಎಂಜಿನಿಯರುಗಳನ್ನು ಯಾರೂ ಕೈಬಿಡಲಿಲ್ಲ ಎಂಬುದು ಈ ಕಥೆಯ ಗೌರವದ ಸಂಗತಿ. ದೊಡ್ಡ ಯಂತ್ರಗಳಲ್ಲಿ ಲೆಕ್ಕ ಹಾಕಿ ಬಂದ ಉತ್ತರಗಳನ್ನು ಕೋಷ್ಟಕಗಳಿಗೆ ಇಳಿಸಿ, ಕೈಲೆಕ್ಕಕ್ಕೆ ಒಗ್ಗುವ ಕೈಪಿಡಿಯನ್ನು ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಆಶ್ರೇ 1979ರಲ್ಲಿ ಕೊಟ್ಟಿತು. ಭಾರತದ ಕಾಲೇಜುಗಳಲ್ಲಿ ಒಂದು ತಲೆಮಾರು ಕಲಿತದ್ದು ಆ ಕೋಷ್ಟಕಗಳನ್ನೇ. ನಮ್ಮ ಕನ್ಸಲ್ಟೆಂಟುಗಳ ಕಚೇರಿಗಳಲ್ಲಿ ಲೋಡ್ ಲೆಕ್ಕಕ್ಕಾಗಿ ಕ್ಯಾರಿಯರ್ ಕಂಪನಿ ಮಾಡಿದ ಇ-20 ನಮೂನೆ ಇನ್ನೂ ಹಳೆಯ ಒಡನಾಡಿ. ಮೊದಲು ಕಾಗದದಲ್ಲಿ, ಆಮೇಲೆ ಎಕ್ಸೆಲ್ಲಿನಲ್ಲಿ. ಇವತ್ತಿಗೂ ಅದನ್ನು ತುಂಬುವವರಿದ್ದಾರೆ. ಪರ್ಸನಲ್ ಕಂಪ್ಯೂಟರು ಬಂದ ಮೇಲೆ ಕ್ಯಾರಿಯರ್‌ನ ಹ್ಯಾಪ್, ಟ್ರೇನ್ ಕಂಪನಿಯ ಟ್ರೇಸ್ ಎಂಬ ತಂತ್ರಾಂಶಗಳು ಮೇಜಿನ ಮೇಲೇ ಓಡತೊಡಗಿದವು.

ಒಂದೇ ಸರ್ಕಾರದ ಹಣದಲ್ಲಿ ಬ್ಲಾಸ್ಟ್ ಮತ್ತು ಡಿಓಇ-2 ಎರಡನ್ನೂ ಸಾಕುವುದೇಕೆ ಎಂಬ ಪ್ರಶ್ನೆಗೆ 1996ರಲ್ಲಿ ಉತ್ತರ ಸಿಕ್ಕಿತು. ಎರಡೂ ತಂಡಗಳವರು, ಲಿಂಡಾ ಲಾರಿ, ಕರ್ಟಿಸ್ ಪೆಡರ್ಸನ್, ಫ್ರೆಡ್ ವಿಂಕಲ್‌ಮನ್, ಡ್ರೂ ಕ್ರಾಲಿ ಮೊದಲಾದವರು, ಒಂದಾಗಿ ಎನರ್ಜಿಪ್ಲಸ್ ಬರೆಯಲು ಕೂತರು. 2001ರ ಏಪ್ರಿಲಿನಲ್ಲಿ ಅದು ಉಚಿತವಾಗಿ ಲೋಕಕ್ಕೆ ಸಿಕ್ಕಿತು. ಲೋಡ್, ಎ.ಸಿ. ವ್ಯವಸ್ಥೆ, ಯಂತ್ರ ಮೂರೂ ಒಟ್ಟಿಗೆ, ಗಂಟೆಗಿಂತ ಚಿಕ್ಕ ಹೆಜ್ಜೆಗಳಲ್ಲಿ ಒಂದಕ್ಕೊಂದು ಮಾತು ಕೊಡುತ್ತ ನಡೆಯುವ ಲೆಕ್ಕ ಅದರದು. ಕುಸುಡಾ ಮತ್ತು ಅಕೆನ್‌ಬಾಕರ ಮಣ್ಣಿನ ಉಷ್ಣತೆಯ ಸೂತ್ರ ಅವರಿಬ್ಬರ ಹೆಸರಿನಲ್ಲೇ ಅದರೊಳಗಿದೆ. ಭಾರತದ 58 ಊರುಗಳ ಹವೆಯ ಅಂಕಿಗಳನ್ನು ಇಲ್ಲಿನ ಎಂಜಿನಿಯರುಗಳ ಸಂಘ ಇಶ್ರೇ ಒದಗಿಸಿತು. 2007ರಲ್ಲಿ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಹೊರತಂದ ಕಟ್ಟಡ ಸಂಹಿತೆ ದೇಶವನ್ನು ಐದು ಹವಾವಲಯಗಳಾಗಿ ವಿಂಗಡಿಸಿ ಬೆಂಗಳೂರನ್ನು ಸಮಶೀತೋಷ್ಣಕ್ಕೆ ಸೇರಿಸಿತು, ಇಡೀ ಕಟ್ಟಡವನ್ನು ಕಂಪ್ಯೂಟರಿನಲ್ಲಿ ನಡೆಸಿ ತೋರಿಸುವ ದಾರಿಯನ್ನೂ ತೆರೆಯಿತು.

ಗೋಡೆಯ ಲೆಕ್ಕ ಇಷ್ಟು ಹರಿತವಾದ ಮೇಲೂ ತಪ್ಪು ನುಸುಳುವುದು ಬೇರೆ ಬಾಗಿಲಿನಿಂದ. ಕಚೇರಿಯ ಕಂಪ್ಯೂಟರುಗಳ ಹಿಂದಿನ ಪಟ್ಟಿಯಲ್ಲಿ ಬರೆದಿರುವ ವ್ಯಾಟುಗಳನ್ನು ಹಾಗೆ ಹಾಗೇ ತುಂಬುವವರು ಬಹಳ. ಅಂಥ ಉಪಕರಣಗಳು ನಿಜವಾಗಿ ಬಿಡುವ ಶಾಖ ಪಟ್ಟಿಯ ಅಂಕಿಯ ಕಾಲು ಭಾಗದಿಂದ ಅರ್ಧದಷ್ಟೇ ಎಂದು ಅಳತೆಗಳು 2000ದ ಹೊತ್ತಿಗೇ ತೋರಿಸಿದ್ದವು. ಬೆಂಗಳೂರಿನಂಥ ಐಟಿ ನಗರದಲ್ಲಿ ಈ ಒಂದು ಅಂಕಿ ಎಷ್ಟು ಟನ್ನುಗಳನ್ನು ಸುಮ್ಮನೆ ಕೂರಿಸುತ್ತದೆ ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಅದರ ಮೇಲೆ ಕನ್ಸಲ್ಟೆಂಟರ ಹತ್ತು ಪರ್ಸೆಂಟ್ ಸೇಫ್ಟಿ, ಗುತ್ತಿಗೆದಾರರ ಇನ್ನಷ್ಟು, ಕೊನೆಗೆ ಅಂಗಡಿಯಲ್ಲಿ ಸಿಗುವ ಮುಂದಿನ ದೊಡ್ಡ ಮಾಡೆಲ್ಲು. ತಂತ್ರಾಂಶ ಇದನ್ನು ತಡೆಯಲಾರದು. ಹಾಗೆ ಮಾಡಬೇಡಿ ಎಂದು ಹೇಳುವ ಎಂಜಿನಿಯರ್ ಬೇಕು, ಕೇಳುವ ಮಾಲೀಕರೂ ಬೇಕು.

ಹಾಗೆ ಮಾತು ಕೇಳಿದ ಮಾಲೀಕರ ಒಂದು ಉದಾಹರಣೆ ನಮ್ಮ ಕಣ್ಣೆದುರಿಗಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇನ್ಫೋಸಿಸ್, ಹೈದರಾಬಾದಿನ ಪೋಚಾರಂ ಕ್ಯಾಂಪಸ್ಸಿನಲ್ಲಿ 2011ರಲ್ಲಿ ಬಳಕೆಗೆ ಬಂದ ತನ್ನ ಕಟ್ಟಡವನ್ನು ಒಂದೇ ಬಗೆಯ ಎರಡು ಅರ್ಧಗಳಾಗಿ ಕಟ್ಟಿಸಿತು. ಎರಡಕ್ಕೂ ಒಂದೇ ಬಗೆಯ ಗೋಡೆ, ಒಂದೇ ಬಗೆಯ ಕಿಟಕಿ. ಒಂದು ಅರ್ಧಕ್ಕೆ ಎಂದಿನ ಗಾಳಿಯ ಎ.ಸಿ.; ಇನ್ನೊಂದಕ್ಕೆ ಕಾಂಕ್ರೀಟಿನೊಳಗೆ ಹೂತ ಕೊಳವೆಗಳಲ್ಲಿ ತಣ್ಣೀರು ಹರಿಸಿ ಚಾವಣಿಯನ್ನೇ ತಂಪಾಗಿಡುವ ಏರ್ಪಾಡು. ಅಲ್ಲಿ ಕಾಂಕ್ರೀಟಿನ ತಡವೇ ಕೆಲಸದ ಆಧಾರ. ಅಂಥ ಕಟ್ಟಡದ ಲೋಡನ್ನು ಒಂದು ಗಂಟೆಯ ಕೋಷ್ಟಕದಿಂದ ತೆಗೆಯಲಾಗದು. ಎರಡು ಕಡೆಗೂ ಬೇರೆ ಬೇರೆ ಮೀಟರುಗಳನ್ನಿಟ್ಟು ಎರಡು ವರ್ಷ ಅಳೆದಾಗ ತಂಪು ಚಾವಣಿಯ ಅರ್ಧ 34 ಪರ್ಸೆಂಟ್ ಕಡಿಮೆ ವಿದ್ಯುತ್ತಿನಲ್ಲಿ ನಡೆದಿತ್ತು. ಆ ಅಂಕಿಗಳು 2014ರಲ್ಲಿ ಆಶ್ರೇಯ ಪತ್ರಿಕೆಯಲ್ಲಿ ಅಚ್ಚಾದವು.